ಗೊಲ್ಲತಿಯ ಸರದಿ

ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆಗೆಂದು ಬೆಂಗಳೂರಿನಿಂದ ಬಂದ ನನ್ನ ಮಗಳ ಮಗನು ಈ ಸಲ ತನ್ನೊಡನೆ ಇಬ್ಬರು ಗೆಳೆಯರನ್ನು ಕರೆತಂದಿದ್ದನು. ಚೀಲದಲ್ಲಿ ಒಂದು ಹಿಡಿ ದಾಳಗಳನ್ನೂ ತಂದಿದ್ದನು. ಪಗಡೆಯ ದಾಳವನ್ನಷ್ಟೇ ಬಲ್ಲ ನನಗೆ ಇಪ್ಪತ್ತು ಮುಖಗಳ ದಾಳವನ್ನು ಕಂಡು ಸೋಜಿಗವಾಯಿತು. ಅತ್ತ ಜಾತ್ರೆಯ ಬಯಲಿನಲ್ಲಿ ನಾಟಕ ಕಂಪನಿಗಳ ಡೇರೆಗಳು ಎದ್ದಿರಲು, ಇತ್ತ ಬಾಗಲಕೋಟೆಯ ನವನಗರದ ನಮ್ಮ ಪಡಸಾಲೆಯಲ್ಲಿ ಈ ಹುಡುಗರು ತಾವೇ ಒಂದು ನಾಟಕವನ್ನು ಹೂಡಿದ್ದರು.

ಆಟದ ಹೆಸರು ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್. ಅಮೇರಿಕೆಯ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬವರು ರಚಿಸಿದ ಇದು 1974ರಲ್ಲಿ ಪ್ರಕಟವಾಯಿತು. ಒಬ್ಬನು ಸೂತ್ರಧಾರನಾಗಿ ಕಾಡು, ಕೋಟೆ, ರಕ್ಕಸರನ್ನು ಬರಿಯ ಮಾತಿನಿಂದ ಕಟ್ಟುವನು. ಉಳಿದವರು ಒಂದೊಂದು ಪಾತ್ರವನ್ನು ತಳೆದು, ತಾವು ಮಾಡುವುದೇನೆಂಬುದನ್ನು ಹೇಳುವರು. ಅದು ಫಲಿಸಿತೇ ಇಲ್ಲವೇ ಎಂಬುದಕ್ಕೆ ದಾಳವೇ ಪ್ರಮಾಣ. ಮೊದಲಿಗೆ ಪಾತ್ರಗಳ ವರ್ಗಗಳು ಮೂರೇ ಇದ್ದವು: ಯೋಧ, ಮಂತ್ರವಾದಿ, ಪೂಜಾರಿ. ಆಮೇಲೆ ಕಳ್ಳ, ಸಂನ್ಯಾಸಿ, ಗಾಯಕ ಮೊದಲಾದವರು ಬಂದು ಸೇರಿದರು. ಗಾಯಕನ ಪಾಡಂತೂ ಕೇಳತಕ್ಕದ್ದಾಗಿದೆ. 1978ರ ಗ್ರಂಥದಲ್ಲಿ ಅವನಿಗೆ ದೊರೆತ ಸ್ಥಳವು ಅನುಬಂಧದಲ್ಲಿ. ಅದೂ ಮೊದಲು ಯೋಧನಾಗಿ, ಬಳಿಕ ಕಳ್ಳನಾಗಿ ಪಳಗಿ ಬಂದವನಿಗೆ ಮಾತ್ರವೇ ಹಾಡುವ ಅಧಿಕಾರ. ನಮ್ಮ ಕವಿಗಳಿಗೆ ಇಂಥ ನಿಯಮವಿಲ್ಲದಿರುವುದು ಅವರ ಪುಣ್ಯ.

ಕಣ್ಕಟ್ಟಿನವನು ಎಂದು ನಾನು ಕರೆಯುವ ಇನ್ನೊಂದು ವರ್ಗವಿದೆ. ಇಲ್ಲದುದನ್ನು ಇರುವಂತೆ ತೋರಿಸುವುದೇ ಅವನ ವಿದ್ಯೆ. 1975ರಲ್ಲಿ ಒಂದು ಪತ್ರಿಕೆಯ ಮೂಲಕ ಆಟವನ್ನು ಹೊಕ್ಕ ಇವನು 1989ರ ಆವೃತ್ತಿಯ ಹೊತ್ತಿಗೆ ಮಂತ್ರವಾದಿಯ ಒಂದು ಕವಲಾಗಿ ಉಳಿದನು. ನನ್ನ ಮೊಮ್ಮಗನಿಗೆ ಆ ಹಳೆಯ ಕಣ್ಕಟ್ಟಿನವನನ್ನೇ ಪುನಃ ತರಬೇಕೆಂಬ ಹಟ. ಗೆಳೆಯರು ಒಪ್ಪಲಿಲ್ಲ. ಹೊಡೆಯಲಾರ, ಗಾಯ ಮಾಯಿಸಲಾರ, ಅವನನ್ನು ಕಟ್ಟಿಕೊಂಡು ಮಾಡುವುದೇನು ಎಂದರು. ಆಗ ಇವನು ಸೂತ್ರಧಾರನ ಕಡೆಗೆ ತಿರುಗಿ, “ಅವನ ಕೆಲಸ ಬೀಳೋ ಹಂಗ ನೀ ಕತಿನ ಕಟ್ಟಿಲ್ಲ. ಬರೇ ಬಡದಾಟ ಇಟ್ರ ಎಲ್ಲಾರಿಗೂ ಯೋಧನ ಬೇಕಾಗ್ತಾನ” ಎಂದನು.

ಓದುತ್ತಿದ್ದ ಪತ್ರಿಕೆಯನ್ನು ನಾನು ಮಡಿಸಿಟ್ಟೆನು. ಆ ಮಾತು ನನಗೇ ಹೇಳಿದಂತಿತ್ತು.

ಅದಕ್ಕೆ ಕಾರಣವನ್ನು ವಾಚಕರಲ್ಲಿ ಅರಿಕೆ ಮಾಡಬೇಕು. ಅಪರಾಳ ತಮ್ಮಣ್ಣನು ರಚಿಸಿ, ಕುಲಗೋಡ ತಮ್ಮಣ್ಣನು ರಂಗಕ್ಕೆ ಹದಗೊಳಿಸಿ, ಕೌಜಲಗಿ ನಿಂಗಮ್ಮನಂಥವರು ಹಾಡಿ ಮನೆಮಾತಾಗಿಸಿದ ಶ್ರೀಕೃಷ್ಣ ಪಾರಿಜಾತವನ್ನು ನಮ್ಮ ಸೀಮೆಯಲ್ಲಿ ಅರಿಯದವರಿಲ್ಲ. ಹುನಗುಂದದ ಕಡೆಯ ನಮ್ಮೂರ ಮೇಳದಲ್ಲಿ ಶಾಲಾಮಾಸ್ತರನಾಗಿದ್ದ ನಾನು ಅನೇಕ ವರ್ಷ ಭಾಗವತನ ಮಾತುಗಳನ್ನಾಡಿದವನು. ಸತ್ಯಭಾಮೆಯ ಮುನಿಸು ಮೊದಲಾಗುವ ಮುನ್ನ ಹಾಲಿನ ಗಡಿಗೆ ಹೊತ್ತ ಗೊಲ್ಲತಿಯು ಬರುತ್ತಿದ್ದಳು. ಭಾಗವತನು ಕೇಳುವನು, ಅವಳು ಉತ್ತರಿಸುವಳು. ಕೇಳುವುದು ಹಾಲಿನ ಬೆಲೆ. ಉತ್ತರ ಮಾತ್ರ ವೇದಾಂತದ ಅಂಚಿಗೆ ಹೋಗಿ, ಭಾಗವತನ ಬಾಯಿ ಕಟ್ಟಿಸಿ, ನಗುತ್ತ ತಿರುಗಿ ಬರುವುದು. ಆ ಪಾತ್ರವನ್ನು ಕಟ್ಟುತ್ತಿದ್ದವರು ಇಳಕಲ್ಲಿನ ಒಬ್ಬ ನೇಕಾರರು. ಟೋಪಿ ತೆನೆಯ ಸೆರಗನ್ನು ತಲೆಯ ಮೇಲೆ ಹೊದ್ದು ಅವರು ಬಂದು ನಿಂತರೆ ಹೆಂಗಸರೂ ನಾಚಬೇಕು.

ಹೋದ ವರುಷ ಬಾಗಲಕೋಟೆಯಲ್ಲಿ ಒಂದು ಪ್ರಯೋಗಕ್ಕೆ ಕರೆ ಬಂದಿತು. ಇಡೀ ರಾತ್ರಿಯ ಆಟವನ್ನು ಎರಡು ತಾಸಿಗೆ ಇಳಿಸುವ ಹೊಣೆ ನನ್ನ ಪಾಲಿಗೆ. ಕೊರವಂಜಿಯನ್ನು ಇಟ್ಟುಕೊಂಡೆನು, ಜನ ನಗುತ್ತಾರೆಂದು. ಗೊಲ್ಲತಿಯ ಹಾಳೆಗಳ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದೆನು; ಕಥೆಗೆ ಅವಳಿಂದ ಏನೂ ಆಗಬೇಕಾಗಿಲ್ಲವೆಂದು ತರ್ಕಿಸಿದೆನು. ಸುದ್ದಿ ತಿಳಿಸಲು ಧೈರ್ಯ ಸಾಲದೆ ಸುಮ್ಮನಿದ್ದುಬಿಟ್ಟೆನು. ಆ ದಿನ ಎಂಬತ್ತರ ಹತ್ತಿರದ ಆ ಹಿರಿಯರು ಸೀರೆಯ ಗಂಟನ್ನು ಕಂಕುಳಲ್ಲಿಟ್ಟುಕೊಂಡು ಇಳಕಲ್ಲಿನಿಂದ ಬಸ್ಸು ಹತ್ತಿ ಬಂದಿದ್ದರು. ವಿಷಯ ತಿಳಿದ ಮೇಲೆ ಒಂದು ಮಾತೂ ಆಡದೆ ಕೊನೆಯ ಸಾಲಿನಲ್ಲಿ ಕುಳಿತು, ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಆಟವನ್ನು ಪೂರ್ತಿಯಾಗಿ ನೋಡಿಹೋದರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಮರುದಿನ ಹುಡುಗರನ್ನು ಬಾದಾಮಿಯ ಮೇಣಬಸದಿಗಳಿಗೆ ಕರೆದುಕೊಂಡು ಹೋದೆನು. ಕ್ರಿ. ಶ. 578ರ ಮಂಗಳೇಶನ ಶಾಸನವಿರುವ ಮೂರನೆಯ ಗುಹೆಯಲ್ಲಿ ತ್ರಿವಿಕ್ರಮನನ್ನೂ ವರಾಹನನ್ನೂ ನೋಡಲು ಎಲ್ಲರೂ ತಲೆ ಎತ್ತುತ್ತಾರೆ. ಮೊಮ್ಮಗನು ಹೊರಗೇ ನಿಂತು, ಜಗಲಿಯ ಪಟ್ಟಿಕೆಯಲ್ಲಿ ಕೊರೆದ ಕುಳ್ಳ ಗಣಗಳನ್ನು ಬಾಗಿ ನೋಡುತ್ತಿದ್ದನು. “ಅಜ್ಜಾ, ಒಬ್ಬನಂಗ ಇನ್ನೊಬ್ಬ ಇಲ್ಲ ನೋಡ್ರಿ” ಎಂದನು. ನಾನು ಎಷ್ಟೋ ಸಲ ಆ ಮೆಟ್ಟಿಲುಗಳನ್ನು ಹತ್ತಿದವನಾದರೂ ಹಾಗೆ ಬಾಗಿ ನೋಡಿರಲಿಲ್ಲ. ಇಳಿಯುವಾಗ, ನಾಳೆ ಇಳಕಲ್ಲಿಗೆ ಹೋಗೋಣವೆಂದೆನು.

ಹಿರಿಯರು ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದರು. ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಕೂಡಿಸುವ ಕೆಲಸ ಆಗತಾನೇ ಮುಗಿದಿತ್ತು. ಸೆರಗು ಬೇಕೆಂಬ ವಿಚಾರವು ಒಡಲಿನ ಹಾಸು ಹೂಡುವಾಗಲೇ ಇರಬೇಕು, ಆಮೇಲೆ ಅಂಟಿಸಲು ಬಾರದೆಂದು ಹುಡುಗರಿಗೆ ತೋರಿಸಿಕೊಟ್ಟರು. ನಾನು ತಪ್ಪೊಪ್ಪಿಕೊಂಡು, “ಕಾಕಾ, ಗೊಲ್ಲತಿ ಪಾತ್ರ ತಿರುಗಿ ತರೂಣು. ನಿಮ್ಮ ಮಾತು ಅಷ್ಟೂ ಬರಸ್ರಿ” ಎಂದು ವಹಿಯನ್ನು ತೆಗೆದೆನು.

ಅವರು ತಡೆದು ತಡೆದು ಎರಡು ಸಾಲು ಹೇಳಿ ನಿಂತರು. ಬಹಳ ಹೊತ್ತು ಲಾಳಿಯನ್ನು ಕೈಯಲ್ಲಿ ತಿರುಗಿಸುತ್ತಿದ್ದು, “ಹಿಂಗ ಬರಂಗಿಲ್ರಿ ಮಾಸ್ತರ. ನೀವು ಕೇಳ್ರಿ. ಕೇಳದ ಗೊಲ್ಲತಿ ಏನಂತ ಹೇಳ್ಯಾಳು?” ಎಂದರು.

ವಹಿಯನ್ನು ಮೊಮ್ಮಗನಿಗೆ ಕೊಟ್ಟು ನಾನು ಎದ್ದು ನಿಂತೆನು. ಗಡಿಗೆಯಲ್ಲಿರುವುದೇನೆಂದು ಭಾಗವತನ ಧಾಟಿಯಲ್ಲಿ ಕೇಳಿದೆನು. ಮಗ್ಗದ ಕುಣಿಯಿಂದ ಉತ್ತರವು ತಡೆಯಿಲ್ಲದೆ, ರಾಗದೊಡನೆ ಬಂದಿತು. ಎರಡನೆಯದಕ್ಕೂ ಬಂದಿತು. ಆರನೆಯದಕ್ಕೆ ಬರುವಷ್ಟರಲ್ಲಿ ನನ್ನ ಪ್ರಶ್ನೆಯೇ ನನಗೆ ಮರೆತಿತ್ತು. ಅವರು ನಕ್ಕು ಅದನ್ನೂ ತಾವೇ ಹೇಳಿಕೊಟ್ಟರು. ಮತ್ತೆ ನಾನು ಕೇಳುವ ತನಕ ಸುಮ್ಮನೆ ಕಾದರು.

ಆ ದಿನ ಹನ್ನೊಂದು ಪ್ರಶ್ನೆಗಳು ದೊರೆತವು. ಇನ್ನೂ ನಾಲ್ಕು ಇವೆಯೆಂದು ನನ್ನ ಎಣಿಕೆ, ಏಳು ಎಂದು ಅವರದು. ಬರುವ ಅಮಾವಾಸ್ಯೆಗೆ ಅವರ ಮಗ್ಗಕ್ಕೆ ಬಿಡುವು. ಅಂದು ಮತ್ತೆ ಹೋಗುವವನಿದ್ದೇನೆ.