ಮನೆಯೊಳಗೆ ಬಂದ ಕಛೇರಿ

ಹೊತ್ತಿಗೆ ಸರಿಯಾಗಿ ಉಂಡು, ಹೊತ್ತಿಗೆ ಸರಿಯಾಗಿ ಮನೆ ಬಿಟ್ಟು ಹೊರಡುವವನೇ ಉದ್ಯೋಗಸ್ಥನೆಂಬ ನಂಬಿಕೆ ಬೆಂಗಳೂರಿನ ಮಧ್ಯಮವರ್ಗದ ಮನೆಗಳಲ್ಲಿ ಬಹುಕಾಲ ಬೇರೂರಿತ್ತು. 1940ರಲ್ಲಿ ವಿಮಾನ ಕಾರ್ಖಾನೆಯೂ, 1948ರಲ್ಲಿ ಟೆಲಿಫೋನ್ ಕಾರ್ಖಾನೆಯೂ, 1953ರಲ್ಲಿ ಹೆಚ್.ಎಂ.ಟಿ.ಯೂ ಬಂದ ಮೇಲಂತೂ ಆ ನಂಬಿಕೆಗೆ ಸೈರನ್ನಿನ ದನಿಯೂ ಕೂಡಿಕೊಂಡಿತು. 1948ರ ಕಾರ್ಖಾನೆಗಳ ಕಾಯಿದೆಯು ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂದು ದುಡಿಮೆಗೆ ಬೇಲಿ ಹಾಕಿತು. ಬೇಲಿಯ ಆಚೆಗಿನ ಹೊತ್ತು ಹೆಂಡತಿ ಮಕ್ಕಳದು. ಗೃಹಸ್ಥನು ಗೇಟು ದಾಟಿದನೆಂದರೆ ಕಛೇರಿಯೂ ಅವನ ಬೆನ್ನ ಹಿಂದೆ ಉಳಿಯುತ್ತಿತ್ತು.

ಆದರೆ ದೇವನಹಳ್ಳಿ ತಾಲ್ಲೂಕಿನ ಬೂದಿಗೆರೆಯಂತಹ ಊರಿನ ಸೀಮೆಗೆ ಈ ಗಡಿಯಾರದ ಲೆಕ್ಕ ಹೊರಗಿನದು. ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವ ಸೀಮೆ ಅದು. ಹುಳುವಿನ ಮನೆಯಲ್ಲಿ ಮನೆ ಯಾವುದು, ಕಾರ್ಯಾಗಾರ ಯಾವುದು ಎಂದು ಗೆರೆ ಎಳೆಯುವುದು ಕಷ್ಟ. ಸುಮಾರು 25 ದಿನಗಳ ಆ ವ್ರತದಲ್ಲಿ ಭಾನುವಾರವಿಲ್ಲ, ಹಬ್ಬದ ರಜೆಯಿಲ್ಲ. ನಾಲ್ಕನೆಯ ಜ್ವರ ದಾಟಿದ ಹುಳು ತನ್ನ ಆಯುಷ್ಯದ ಬಹುಪಾಲು ಸೊಪ್ಪನ್ನು ಆ ಕೊನೆಯ ವಾರದಲ್ಲೇ ತಿನ್ನುತ್ತದೆ. ಆಗ ಅಜ್ಜಿಯಿಂದ ಮೊಮ್ಮಗನವರೆಗೆ ಎಲ್ಲರೂ ಅದರ ಆಳುಗಳೇ. ಬೆಳಗ್ಗೆ ಸಂಜೆ ಡೈರಿಗೆ ಹಾಲು ಒಯ್ಯುವವರದೂ ಇದೇ ಪಾಡು. ಮನೆಯಲ್ಲೇ ದುಡಿಯುವುದು ಇವರಿಗೆ ಹೊಸ ಸೌಲಭ್ಯವಲ್ಲ, ಹುಟ್ಟಿನಿಂದ ಬಂದ ಬಾಳು.

ಹೊಸ ಬಗೆಯ ಮನೆಗೆಲಸ ಬಂದದ್ದು ಬೇರೆ ದಾರಿಯಿಂದ. ಹಳೆಯ ಮದರಾಸು ರಸ್ತೆಯಲ್ಲಿ ಬೂದಿಗೆರೆ ಕ್ರಾಸ್ ಎಂಬಲ್ಲಿ ಕವಲೊಡೆದ ಹಾದಿ ಊರನ್ನು ಹಾದು ವಿಮಾನ ನಿಲ್ದಾಣದ ಕಡೆಗೆ ಸಾಗುತ್ತದೆ. 2008ರಲ್ಲಿ ಆ ನಿಲ್ದಾಣ ತೆರೆಯಿತು. ಇತ್ತ ವೈಟ್‌ಫೀಲ್ಡ್ ಬೆಳೆಯಿತು. ಕ್ರಾಸಿನ ಆಸುಪಾಸಿನಲ್ಲಿ ಗಗನಚುಂಬಿ ವಸತಿ ಸಮುಚ್ಚಯಗಳು ಎದ್ದವು. ಕಂಪ್ಯೂಟರ್ ಕಂಪೆನಿಗಳ ನೌಕರರು ಬಂದು ನೆಲೆಸಿದರು. 1985ರಲ್ಲೇ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪೆನಿಯು ಬೆಂಗಳೂರಿಗೆ ಬಂದು ಉಪಗ್ರಹದ ಮೂಲಕ ಕೆಲಸವನ್ನು ಅಮೆರಿಕಕ್ಕೆ ಕಳುಹಿಸುವ ದಾರಿ ತೋರಿತ್ತು. ಸಾಗರಗಳನ್ನು ದಾಟಬಲ್ಲ ಕೆಲಸವು ನೌಕರನ ಮನೆಯ ಹೊಸಿಲನ್ನು ದಾಟುವುದಕ್ಕೆ ಮಾತ್ರ ಇನ್ನೂ 35 ವರ್ಷ ಬೇಕಾಯಿತು. 2020ರ ಮಾರ್ಚಿಯಲ್ಲಿ ದೇಶವೇ ಬಾಗಿಲು ಹಾಕಿಕೊಂಡಾಗ ದೂರಸಂಪರ್ಕ ಇಲಾಖೆ ತನ್ನ ನಿಯಮಗಳನ್ನು ತಾತ್ಕಾಲಿಕವಾಗಿ ಸಡಿಲಿಸಿತು; ಅದೇ ವರ್ಷ ನವೆಂಬರ್ 5ರಂದು ಆ ಕಟ್ಟುಗಳನ್ನು ಬಹುಮಟ್ಟಿಗೆ ಬಿಚ್ಚಿಯೇ ಬಿಟ್ಟಿತು.

ಹೀಗೆ ಕಛೇರಿಯು ಮನೆಗೆ ಅತಿಥಿಯಾಗಿ ಬಂದಿತು. ಬಂದ ಅತಿಥಿ ಊಟದ ಮೇಜನ್ನೇ ಆಕ್ರಮಿಸಿತು. ಮಗನು ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಸಾವಿರಾರು ಮೈಲಿ ದೂರದ ಅಧಿಕಾರಿಯೊಡನೆ ಗಂಭೀರವಾಗಿ ಮಾತನಾಡುತ್ತಿರುವಾಗಲೇ ಅಡಿಗೆಮನೆಯ ಕುಕ್ಕರು ಮೂರು ಸಲ ಕೂಗುತ್ತದೆ. "ಮನೆಯಲ್ಲೇ ಕೂತಿದ್ದೀಯಲ್ಲಪ್ಪಾ, ಸಿಲಿಂಡರಿನವನು ಬಂದಿದ್ದಾನೆ, ಎದ್ದು ನೋಡಬಾರದೆ?" ಎಂದು ತಾಯಿ ಕೇಳುತ್ತಾಳೆ. "ಕೆಲಸದಲ್ಲಿದ್ದೀನಮ್ಮಾ" ಎಂದರೆ ಆಕೆಗೆ ಒಪ್ಪಿಗೆಯಾಗದು. ಷರಟು ಧರಿಸಿ ಕೆಳಗೆ ಪಂಚೆಯುಟ್ಟು ಕುಳಿತವನು ಕೆಲಸದಲ್ಲಿದ್ದಾನೆಂದು ನಂಬುವುದಾದರೂ ಹೇಗೆ?

ನಗುವಿನ ಆಚೆಗೆ ಲಾಭವೂ ನಿಜವಾದದ್ದೇ. ವಾಹನಗಳ ಸಂದಣಿಯಲ್ಲಿ ಸವೆಯುತ್ತಿದ್ದ ಗಂಟೆಗಳು ಉಳಿದವು. ವೃದ್ಧ ತಂದೆಯ ಔಷಧಿಯ ಹೊತ್ತು ತಪ್ಪಲಿಲ್ಲ. ಹಸುಗೂಸಿನ ತಾಯಿಗೆ ಉದ್ಯೋಗ ಬಿಡದೆ ಇರುವ ದಾರಿ ಕಂಡಿತು. 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯಿದೆಯು 26 ವಾರಗಳ ರಜೆಯನ್ನು ಕೊಟ್ಟಿದ್ದಲ್ಲದೆ, ಆ ಬಳಿಕ ಕೆಲಸದ ಸ್ವರೂಪ ಒಪ್ಪುವಂತಿದ್ದರೆ, ಮಾಲೀಕನೂ ನೌಕರಳೂ ಸಮ್ಮತಿಸಿದರೆ, ಮನೆಯಿಂದಲೇ ದುಡಿಯಬಹುದೆಂದೂ ಹೇಳಿತ್ತು. ಆದರೆ ಅದೇ ಮನೆಯಲ್ಲಿ ಗಂಡನು ಬಾಗಿಲು ಮುಚ್ಚಿಕೊಂಡು ಕುಳಿತರೆ "ಕೆಲಸ ಮಾಡುತ್ತಿದ್ದಾನೆ", ಹೆಂಡತಿ ಕುಳಿತರೆ "ಹೇಗೂ ಮನೆಯಲ್ಲೇ ಇದ್ದಾಳೆ." ಗಂಡನಿಗೆ ಉಳಿದ ಹೊತ್ತು ವಿಶ್ರಾಂತಿಯಾಯಿತು, ಅನೇಕ ಮನೆಗಳಲ್ಲಿ ಹೆಂಡತಿಗೆ ಉಳಿದ ಹೊತ್ತು ಇನ್ನೊಂದು ಪಾಳಿಯಾಯಿತು.

ಕಂಪೆನಿಗಳಾದರೂ ಬಹುಕಾಲ ಸುಮ್ಮನಿರಲಿಲ್ಲ. 2023ರ ನವೆಂಬರಿನಿಂದ ವಿಪ್ರೋ ವಾರಕ್ಕೆ ಮೂರು ದಿನ ಕಛೇರಿಗೆ ಬರಬೇಕೆಂದಿತು, ಟಿ.ಸಿ.ಎಸ್. ಅದೇ ವರ್ಷ ಅಕ್ಟೋಬರಿನಿಂದ ಐದು ದಿನವೂ ಬರಬೇಕೆಂದಿತು. ಮತ್ತೆ ಬೂದಿಗೆರೆ ಕ್ರಾಸಿನಲ್ಲಿ ಹಾರನ್ನುಗಳ ಗದ್ದಲ. ಇಲ್ಲಿ ಒಂದು ಹಳೆಯ ಸಂಗತಿಯನ್ನು ನೆನೆಯಬಹುದು. 1967ರಲ್ಲಿ ಪಶ್ಚಿಮ ಜರ್ಮನಿಯ ಮ್ಯೂನಿಕ್ ಬಳಿಯ ಒಟ್ಟೋಬ್ರುನ್‌ನಲ್ಲಿದ್ದ ಒಂದು ವಿಮಾನ ಕಾರ್ಖಾನೆಯಲ್ಲಿ ಎಲ್ಲರೂ ಒಂದೇ ಗಳಿಗೆಯಲ್ಲಿ ಬಂದು ಹೋಗುವುದರಿಂದ ರಸ್ತೆ ಕಟ್ಟಿಕೊಳ್ಳುತ್ತಿತ್ತು. ಮಧ್ಯದ ಕೆಲವು ಗಂಟೆ ಎಲ್ಲರೂ ಇರಬೇಕು, ಬರುವ ಹೋಗುವ ವೇಳೆ ಮಾತ್ರ ಅವರವರ ಇಚ್ಛೆ ಎಂದು ಅಲ್ಲಿ ಗೊತ್ತುಮಾಡಿದರು. ಮನೆಯೋ ಕಛೇರಿಯೋ ಎಂದು ಜಗಳವಾಡುವ ಮೊದಲು ಇಂತಹ ನಡುದಾರಿಯನ್ನು ಯೋಚಿಸಬಾರದೇಕೆ?

ಈ ಸಡಿಲಿಕೆ ಎಲ್ಲರ ಪಾಲಿಗೂ ಬಂದುದಲ್ಲ ಎಂಬುದನ್ನೂ ಮರೆಯಲಾಗದು. ಸಮುಚ್ಚಯದ ಗೇಟಿನ ಕಾವಲುಗಾರನು ಮನೆಯಲ್ಲಿ ಕುಳಿತು ಗೇಟು ಕಾಯಲಾರ. ಬಸ್ಸಿನ ಚಾಲಕ, ಆಸ್ಪತ್ರೆಯ ದಾದಿ ಇವರಿಗೆ ಪಾಳಿ ಎಂದರೆ ಪಾಳಿಯೇ. ಪಾತ್ರೆ ತೊಳೆಯುವಾಕೆಯ ಪಾಡು ಇನ್ನೂ ವಿಚಿತ್ರ: "ಮೀಟಿಂಗ್ ಇದೆ, ಒಂದು ಗಂಟೆ ಬಿಟ್ಟು ಬಾರಮ್ಮ" ಎಂದು ಒಂದು ಮನೆಯವರು ಹೇಳಿದರೆ ಅವಳ ಉಳಿದ ನಾಲ್ಕು ಮನೆಗಳ ಹೊತ್ತೂ ತಪ್ಪುತ್ತದೆ. ಒಬ್ಬರ ವೇಳೆ ಸಡಿಲವಾದರೆ ಇನ್ನೊಬ್ಬರದು ಬಿಗಿಯಾಗುವುದೂ ಉಂಟು.

ಹುಳು ಸಾಕುವ ಮನೆಯವರು ಒಂದು ವಿಷಯದಲ್ಲಿ ಭಾಗ್ಯವಂತರು. ಹುಳುವಿಗೆ ಜ್ವರ ಬಂದಾಗ ಅದು ಸೊಪ್ಪು ಮುಟ್ಟುವುದಿಲ್ಲ. ಆ ಹೊತ್ತು ಮನೆಯವರ ಕೈಗೂ ಬಿಡುವು. ಹಣ್ಣಾದ ಹುಳು ಚಂದ್ರಿಕೆ ಏರಿ ಗೂಡು ಕಟ್ಟಿ, ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋದ ಮೇಲೆ ಆ ಬೆಳೆಯ ಕೆಲಸ ಮುಗಿಯಿತು. ಮನೆಯನ್ನು ತೊಳೆದು ಮುಂದಿನ ಬೆಳೆಗೆ ಅಣಿಮಾಡುತ್ತಾರೆ. ಕಂಪ್ಯೂಟರಿಗೆ ಜ್ವರವೂ ಇಲ್ಲ, ಗೂಡೂ ಇಲ್ಲ; ರಾತ್ರಿ ಹನ್ನೊಂದಕ್ಕೂ ಅದು ಕರೆಯುತ್ತದೆ. ಕೆಲಸದ ಹೊತ್ತು ಮುಗಿದ ಮೇಲೆ ಸಂಪರ್ಕದಿಂದ ದೂರವಿರುವ ಹಕ್ಕನ್ನು ಫ್ರಾನ್ಸ್ ದೇಶ 2017ರಿಂದ ಕಾನೂನಿನಲ್ಲೇ ಬರೆದಿರಿಸಿತು. ಕಾನೂನು ಬರುವವರೆಗೆ ಕಾಯಬೇಕೆಂದೇನೂ ಇಲ್ಲ. ಎಲ್ಲಿ ಕುಳಿತು ದುಡಿದರೂ, ದೀಪ ಹಚ್ಚುವ ಹೊತ್ತಿಗೆ ಮನೆಯವರೆಲ್ಲ ಸೇರಿ ಆ ಯಂತ್ರದ ಮುಚ್ಚಳ ಮುಚ್ಚಿ, ಊಟದ ಮೇಜನ್ನು ಊಟಕ್ಕೇ ಬಿಟ್ಟುಕೊಟ್ಟರೆ ಮೊದಲ ಹೆಜ್ಜೆಯಾದೀತು.