ಹಾಸುಗಲ್ಲಿನ ನಾಡಿನಲ್ಲಿ ಮೂರು ಮೆಟ್ಟಿಲು

ವಾಡಿ ಜಂಕ್ಷನ್ನಿನಲ್ಲಿ ಇಳಿದರೆ ಎಲ್ಲ ದಿಕ್ಕಿಗೂ ದಾರಿ. ಮುಂಬಯಿ–ಚೆನ್ನೈ ಮಾರ್ಗದಿಂದ ಇಲ್ಲಿ ಕವಲೊಡೆಯುವ ಹಳಿ ಚಿತ್ತಾಪುರ, ಸೇಡಂ ದಾಟಿ ಸಿಕಂದರಾಬಾದಿನತ್ತ ಸಾಗುತ್ತದೆ. 1874ರಲ್ಲಿ, ನಿಜಾಮರ ಕಾಲಕ್ಕೆ ತೆರೆದ ಹಾದಿ ಇದು. ಶಹಾಬಾದ್ ಕಲಬುರಗಿ ಕಡೆಯ ಹಳಿಯ ಮೇಲಿದೆ. ಚಿಂಚೋಳಿಗೆ ಮಾತ್ರ ರೈಲಿಲ್ಲ. ಅಲ್ಲಿಯವರಿಗೆ ಬಸ್ಸೇ ಗತಿ. ಹಾಗಾಗಿ ನಾನೂ ಬಸ್ಸಿನಲ್ಲೇ ತಿರುಗಿದೆ.

ದಾರಿಯ ಒಂದು ನಿಲ್ದಾಣ. ಊರಿನ ಹೆಸರು ಬೇಡ. ಕಾಲಿಗೆ ಕ್ಯಾಲಿಪರ್ ಕಟ್ಟಿದ್ದ ಹುಡುಗನೊಬ್ಬ ತಂದೆಯೊಡನೆ ಕಾಲೇಜಿಗೆ ಹೊರಟಿದ್ದ. ಕಟ್ಟೆ ಹತ್ತಲು ಮೂರು ಮೆಟ್ಟಿಲು, ಹಿಡಿಯಲು ಕಂಬಿಯಿಲ್ಲ. ಬಸ್ಸೋ ಕಟ್ಟೆಗೆ ತಾಗದೆ ದೂರ ತಗ್ಗಿನಲ್ಲಿ ನಿಂತಿತು. ಎತ್ತಿಕೊಳ್ಳಲು ಬಾಗಿದ ತಂದೆಗೆ ಹುಡುಗ ಹೇಳಿದ: ‘ಎತ್ತಬ್ಯಾಡಪ್ಪ, ಕೈ ಕೊಡು ಸಾಕು.’ ಅಷ್ಟರಲ್ಲಿ ಸೀಟುಗಳೆಲ್ಲ ತುಂಬಿದ್ದವು. ಮುಂದಿನ ಬಸ್ಸಿಗೆ ಹೋದರೆ ಮೊದಲ ಪಿರಿಯಡ್ ತಪ್ಪುತ್ತದೆ ಎಂದು ತಂದೆ ಗೊಣಗಿದರು.

ಲೆಕ್ಕ ಸುಲಭ, ವಿದ್ಯಾರ್ಥಿಗಳೇ ಮಾಡಿ ನೋಡಬಹುದು. ಇಳಿಜಾರಿನ ಪ್ರಮಾಣ ಒಂದಕ್ಕೆ ಹನ್ನೆರಡು ಇರಬೇಕು. ಮೆಟ್ಟಿಲಿಗೆ ಅರ್ಧ ಅಡಿಯಂತೆ ಒಂದೂವರೆ ಅಡಿ ಎತ್ತರಕ್ಕೆ 18 ಅಡಿ ಉದ್ದದ ಇಳಿಜಾರು ಸಾಕು, ಎರಡೂ ಬದಿಗೆ ಕಂಬಿ. ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದದ್ದು 2016ರಲ್ಲಿ. ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು ಅದು ಕೊಟ್ಟ ಗಡುವು, ನಿಯಮಗಳು ಹೊರಬಿದ್ದ 2017ರಿಂದ ಐದು ವರ್ಷ. ಅದೂ ಮುಗಿದುಹೋಗಿದೆ.

ಇಳಿಜಾರಿಗೆ ಕಲ್ಲನ್ನು ದೂರದಿಂದ ತರಬೇಕಿಲ್ಲ. ಊರೂರಿನ ಅಂಗಳಕ್ಕೆ ಹಾಸುವ ಶಹಾಬಾದ್ ಕಲ್ಲು ಇಲ್ಲಿನ ಗಣಿಗಳದ್ದೇ. ಆದರೆ ಪಾಲಿಶ್ ಮಾಡಿದ ಕಲ್ಲು ಮಳೆಗೆ ಜಾರುತ್ತದೆ. ಒರಟು ಮೈ ಮೇಲಿರಬೇಕು. ಗಾಲಿಕುರ್ಚಿಗೂ, ತೊಗರಿ ಚೀಲ ಹೊತ್ತವನಿಗೂ, ಬಸುರಿಗೂ ಅದು ಒಂದೇ ದಾರಿ.

ಕಣ್ಣು ಕಾಣದವರ ಪಾಡು ಬೇರೆ. ಬಸ್ಸಿನ ಬೋರ್ಡು ಅವರಿಗೆ ಪ್ರಯೋಜನವಿಲ್ಲ, ಮೈಕಿನಲ್ಲಿ ಕೂಗಬೇಕು. ಕಿವಿ ಕೇಳದವರಿಗೆ ಮೈಕು ಸಾಲದು, ಬೋರ್ಡೇ ಬೇಕು. ಎರಡೂ ಇರಲಿ ಎಂದರೆ ದುಬಾರಿ ಎನ್ನುವವರಿದ್ದಾರೆ. ಒಂದು ಮೈಕಿಗೆ ಎಷ್ಟು ಖರ್ಚು?

2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿನ ದುಡ್ಡಿಲ್ಲ. ಮಂಡಿನೋವಿನ ಅಜ್ಜಿಯರೂ ಧೈರ್ಯವಾಗಿ ಹೊರಟಿದ್ದಾರೆ. ಬಸ್ಸಿನ ಮೊದಲ ಮೆಟ್ಟಿಲು ಮಾತ್ರ ಅಷ್ಟೇ ಎತ್ತರದಲ್ಲಿದೆ.

ಸಂಜೆ ಚಿಂಚೋಳಿಯಲ್ಲಿ ಡ್ರೈವರನೊಬ್ಬ ಬಸ್ಸನ್ನು ಹಿಂದೆ ಮುಂದೆ ಮಾಡಿ ಕಟ್ಟೆಗೆ ಆತು ನಿಲ್ಲಿಸಿದ. ಕಂಡಕ್ಟರ್ ಬಾಗಿಲಲ್ಲಿ ಕೈ ಚಾಚಿ, ‘ಸಾವಕಾಶ ಬಾ ಯವ್ವ’ ಎಂದ. ಕೋಲು ಹಿಡಿದ ಮುದುಕಿ ಕಟ್ಟೆಯಿಂದಲೇ ನೇರವಾಗಿ ಒಳಗೆ ಕಾಲಿಟ್ಟು, ಕಿಟಕಿಯ ಪಕ್ಕ ಕೂತು, ಎಲೆಅಡಿಕೆಯ ಚೀಲ ಬಿಚ್ಚಿದಳು.