ಬೇಸಗೆಯೂ ಮನೆಯ ನಾಯಿಯೂ

ಬಳ್ಳಾರಿಯ ಸೀಮೆಯಲ್ಲಿ ವಾಸಿಸುವ ನಮಗೆ ಬಿಸಿಲು ಹೊಸದಲ್ಲ. ವೈಶಾಖದ ಮಧ್ಯಾಹ್ನ ತಾಪವು ೪೦ ಡಿಗ್ರಿ ಸೆಂಟಿಗ್ರೇಡನ್ನು ಮೀರಿದಾಗ ನಾವು ಕದವಿಕ್ಕಿಕೊಂಡು ಮಜ್ಜಿಗೆ ಕುಡಿದು ವಿಶ್ರಮಿಸುತ್ತೇವೆ. ಬಾಗಿಲಲ್ಲಿ ಮಲಗಿದ ನಾಯಿಯ ಪಾಡೇನೆಂದು ವಿಚಾರಿಸುವವರು ವಿರಳ.

ಮನುಷ್ಯನಿಗೆ ಮೈಯೆಲ್ಲ ಬೆವರುವುದು. ಬೆವರು ಆರಿದಂತೆ ಮೈ ತಣಿಯುವುದು. ನಾಯಿಗಾದರೋ ಅಂಗಾಲುಗಳಲ್ಲಿ ಮಾತ್ರ ಅಲ್ಪಸ್ವಲ್ಪ ಬೆವರು. ನಾಲಗೆ ಚಾಚಿ ತೇಕುವುದೇ ಕಾವನ್ನು ಹೊರಗಟ್ಟಲು ಅದಕ್ಕಿರುವ ಮುಖ್ಯೋಪಾಯ. ಪಗ್ ಮೊದಲಾದ ಚಪ್ಪಟೆ ಮೂತಿಯ ಜಾತಿಗಳಿಗೆ ಅದೂ ಸಾಲದು. ಇಷ್ಟಲ್ಲದೆ, ಒಡೆಯನು ಓಡಿದರೆ ಪ್ರಾಣವಿರುವವರೆಗೆ ತಾನೂ ಓಡುವುದು ನಾಯಿಯ ಸ್ವಭಾವ.

ಕಳೆದ ಬೇಸಗೆಯಲ್ಲಿ ನೆರೆಮನೆಯ ಹುಡುಗನು ಬೆಳಗಿನ ಒಂಬತ್ತು ಗಂಟೆಯ ಬಿಸಿಲಿನಲ್ಲಿ ತನ್ನ ನಾಯಿಯನ್ನು ಸೈಕಲ್ಲಿನ ಜೊತೆಗೆ ಓಡಿಸಿಕೊಂಡು ಬಂದನು. ಅದರ ತೇಕು ನಿಲ್ಲಲೊಲ್ಲದು, ಜೊಲ್ಲು ಅಂಟಂಟಾಗಿ ಇಳಿಯುತ್ತಿತ್ತು, ಒಸಡು ಕಡುಗೆಂಪಾಗಿತ್ತು, ಕಾಲುಗಳು ತಡವರಿಸುತ್ತಿದ್ದುವು. ಹುಡುಗನು ಅಳುತ್ತ ಆಟೋ ತರಲು ಹೊರಟನು. “ತಡಿಯಪ್ಪಾ, ಮೊದಲು ತಣಿಸೋಣ, ಆಮೇಲೆ ಒಯ್ಯೋಣ” ಎಂದೆವು. ಪಶುವೈದ್ಯರ ಈಗಿನ ಉಪದೇಶವೂ ಅದೇ. ಮಾಳಿಗೆಯ ಟ್ಯಾಂಕಿನ ನೀರು ಕಾದಿದ್ದುದರಿಂದ ನೆಲದ ಸಂಪಿನಿಂದ ಸೇದಿ, ನೆರಳಿನಲ್ಲಿ ಅದರ ಮೈಮೇಲೆ ಕೊಡಗಟ್ಟಲೆ ಸುರಿದು ಫ್ಯಾನು ಹಾಕಿದೆವು. ಅಜ್ಜಿಯೊಬ್ಬರು ಒದ್ದೆ ಗೋಣಿಯನ್ನು ಹೊದಿಸಿರೆಂದರು. ಹೊದಿಕೆಯು ಕಾವನ್ನು ಒಳಗೇ ಹಿಡಿದಿಡುವುದೆಂದು ತಿಳಿಯಹೇಳಿದೆವು. ತೇಕು ತಗ್ಗಿದ ಮೇಲೆ ವೈದ್ಯರಲ್ಲಿಗೆ ಒಯ್ದುದಾಯಿತು; ನಾಯಿ ಉಳಿಯಿತು.

ನಾಯಿಯ ಸಹಜ ದೇಹತಾಪ ಸುಮಾರು ೧೦೧ರಿಂದ ೧೦೨.೫ ಡಿಗ್ರಿ ಫಾರನ್‌ಹೀಟ್. ಅದು ೧೦೬ಕ್ಕೇರಿದರೆ ಪ್ರಾಣಾಪಾಯ. ವಾಂತಿ, ರಕ್ತಭೇದಿ, ಮೂರ್ಛೆಗಳು ಆಗ ತೋರುವುವು. ಮೂರ್ಛೆಗೊಂಡ ನಾಯಿಯ ಬಾಯಿಗೆ ನೀರು ಹೊಯ್ಯಬಾರದು. ಇದು ಜ್ವರವಲ್ಲವಾದುದರಿಂದ ನಮ್ಮ ಜ್ವರದ ಗುಳಿಗೆಗಳು ಕೆಲಸಮಾಡವು. ಅವು ನಾಯಿಗೆ ವಿಷವೂ ಆಗಬಹುದು. ಮೂತ್ರಪಿಂಡ, ಯಕೃತ್ತುಗಳ ಹಾನಿಯು ಒಂದೆರಡು ದಿನ ತಡೆದು ತೋರುವುದುಂಟು. ಆದಕಾರಣ ಚೇತರಿಸಿಕೊಂಡಂತೆ ಕಂಡ ನಾಯಿಯನ್ನೂ ವೈದ್ಯರಿಗೆ ತೋರಿಸಲೇಬೇಕು.

ಆದರೂ ಬಾರದಂತೆ ನೋಡಿಕೊಳ್ಳುವುದೇ ಮೇಲು. ತಿರುಗಾಟವು ಸೂರ್ಯೋದಯಕ್ಕೆ ಮುನ್ನ ಮುಗಿಯಲಿ. ಮುಂಗೈಯನ್ನು ಐದು ಕ್ಷಣ ರಸ್ತೆಯ ಮೇಲಿಡಲಾಗದಿದ್ದರೆ ಅಲ್ಲಿ ನಾಯಿಯನ್ನೂ ನಡೆಸಬೇಡಿರಿ. ನೆರಳಿನಲ್ಲಿ ನೀರಿನ ಬೋಗುಣಿ ಸದಾ ತುಂಬಿರಲಿ. ಮುಚ್ಚಿದ ಕಾರಿನಲ್ಲಿ ಅದನ್ನು ಐದು ನಿಮಿಷವೂ ಬಿಡಬೇಡಿರಿ. ನಮ್ಮ ಮನೆಯನ್ನು ಕಾಯುವ ಪ್ರಾಣಿಗೆ ಸೆಕೆಯೆಂದು ಹೇಳಿಕೊಳ್ಳಲು ಬಾಯಿಲ್ಲ. ಅದರ ಪರವಾಗಿ ಬಿಸಿಲನ್ನು ಅಳೆಯುವ ಭಾರವು ನಮ್ಮದೇ.